ಬೀಗದ ಕೈ ಯಾರ ಬಳಿ ಇದೆ: ಆಶ್ರಯ ಕೋರಿ ಬಂದವರನ್ನು ಕಡಲಾಚೆ ಕೂಡಿಹಾಕಿದಾಗ

2021ರ ಜೂನ್ ತಿಂಗಳಿನಲ್ಲಿ ಮಂಗಳೂರು ಪೊಲೀಸರು ಶ್ರೀಲಂಕಾದ 38 ಮಂದಿಯನ್ನು ನಗರದಲ್ಲಿ ವಶಕ್ಕೆ ಪಡೆದ ಸುದ್ದಿ ಕರಾವಳಿಯ ಓದುಗರಿಗೆ ನೆನಪಿರಬಹುದು. ಕೆನಡಾಕ್ಕೆ ಕಳುಹಿಸುತ್ತೇವೆಂದು ನಂಬಿಸಿದ ದಲ್ಲಾಳಿಗಳಿಗೆ ಹಣ ಕೊಟ್ಟು, ಕಡಲು ದಾಟಿ ತಮಿಳುನಾಡಿಗೆ ಬಂದು, ಅಲ್ಲಿಂದ ಇಲ್ಲಿಗೆ ತಲುಪಿ ಮುಂದಿನ ಪ್ರಯಾಣಕ್ಕಾಗಿ ಕಾಯುತ್ತಿದ್ದವರು ಅವರು. ಪ್ರಕರಣವು ಆಮೇಲೆ ಮಾನವ ಕಳ್ಳಸಾಗಣೆಯ ತನಿಖೆಯಾಗಿ ರಾಷ್ಟ್ರೀಯ ತನಿಖಾ ಸಂಸ್ಥೆಯ ಕೈಗೆ ಹೋಯಿತು. ಅವರು ಆಶ್ರಯ ಬೇಡಿ ಹೊರಟವರೋ ದುಡಿಮೆ ಹುಡುಕಿ ಹೊರಟವರೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ. ನಾನು ಗಮನಿಸಬಯಸುವುದು ತೀರ ಸಾಮಾನ್ಯವೆನಿಸುವ ಒಂದು ಸಂಗತಿಯನ್ನು. ಅವರನ್ನು ಹಿಡಿದದ್ದು ನಮ್ಮ ಊರಿನಲ್ಲಿ. ಆದ್ದರಿಂದ ಅವರನ್ನು ನ್ಯಾಯಾಲಯದ ಮುಂದೆ ತರಲೇಬೇಕಿತ್ತು, ವಕೀಲರು ಅವರನ್ನು ಕಾಣುವುದಕ್ಕೆ ದಾರಿ ಇತ್ತು, ಯಾರಾದರೂ ಕಾಯಿಲೆ ಬಿದ್ದಿದ್ದರೆ ವೆನ್ಲಾಕ್ ಆಸ್ಪತ್ರೆ ಹತ್ತಿರದಲ್ಲೇ ಇತ್ತು, ಸ್ಥಳೀಯ ವರದಿಗಾರರು ಠಾಣೆಗೆ ಹೋಗಿ ಪ್ರಶ್ನೆ ಕೇಳಬಹುದಿತ್ತು.

ನ್ಯಾಯಾಲಯ, ವಕೀಲ, ವೈದ್ಯ, ಪತ್ರಕರ್ತ – ಈ ನಾಲ್ವರನ್ನೂ ಏಕಕಾಲಕ್ಕೆ ದೂರವಿಡುವ ಒಂದು ವ್ಯವಸ್ಥೆ ಕೆಲವು ಶ್ರೀಮಂತ ದೇಶಗಳಲ್ಲಿ ಬೆಳೆದು ನಿಂತಿದೆ. ತಮ್ಮ ತೀರಕ್ಕೆ ಬಂದು ಆಶ್ರಯ ಕೇಳಿದವರನ್ನು ಆ ದೇಶಗಳು ತಮ್ಮ ನೆಲದಲ್ಲಿ ಇರಿಸಿಕೊಳ್ಳುವುದಿಲ್ಲ, ನೇರವಾಗಿ ತವರಿಗೂ ಕಳುಹಿಸುವುದಿಲ್ಲ. ಹಣ ಪಡೆದು ಒಪ್ಪಿಕೊಳ್ಳುವ ಮೂರನೆಯ ದೇಶವೊಂದಕ್ಕೆ, ಅನೇಕ ಸಲ ದೂರದ ದ್ವೀಪವೊಂದಕ್ಕೆ, ಸಾಗಿಸಿ ಅಲ್ಲಿ ಇರಿಸುತ್ತವೆ. ಇದನ್ನು ಕಡಲಾಚೆಯ ಬಂಧನ ಎನ್ನೋಣ. ಮಲ್ಪೆಯ ಕಡಲತಡಿಯಲ್ಲಿ ನಿಂತರೆ ಕಾಣಿಸುವ ಸೇಂಟ್ ಮೇರೀಸ್ ದ್ವೀಪಕ್ಕೂ ಮಳೆಗಾಲದಲ್ಲಿ ಪ್ರವಾಸಿ ದೋಣಿಗಳು ಹೋಗುವುದಿಲ್ಲ, ಕಣ್ಣೆದುರಿನ ನೆಲವೇ ಕೆಲವು ತಿಂಗಳು ಕೈಗೆ ಸಿಗದಂತಾಗುತ್ತದೆ. ಹಾಗಿರುವಾಗ ಆಸ್ಟ್ರೇಲಿಯಾದ ಬ್ರಿಸ್ಬೇನಿನಿಂದ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ, ಕೇವಲ 21 ಚದರ ಕಿಲೋಮೀಟರ್ ವಿಸ್ತಾರದ ನೌರು ಎಂಬ ದ್ವೀಪ ರಾಷ್ಟ್ರದಲ್ಲಿ ಕೂಡಿಹಾಕಲ್ಪಟ್ಟವರನ್ನು ಒಬ್ಬ ವಕೀಲನು ಹೋಗಿ ಕಾಣುವುದು ಎಂದರೇನು ಎಂಬುದನ್ನು ಊಹಿಸಿಕೊಳ್ಳಬಹುದು.

ಮುಂದೆ ಹೋಗುವ ಮೊದಲು ಕೆಲವು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತನ್ನ ದೇಶದಲ್ಲಿ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿದ ಕಾರಣದಿಂದ ಕಿರುಕುಳಕ್ಕೆ ಗುರಿಯಾಗುವ ಸಕಾರಣ ಭಯವುಳ್ಳವನು ನಿರಾಶ್ರಿತ. ತಾನು ಅಂಥವನೆಂದು ಹೇಳಿಕೊಂಡು ಬಂದು, ಆ ಹೇಳಿಕೆಯ ವಿಚಾರಣೆ ಇನ್ನೂ ಮುಗಿಯದವನು ಆಶ್ರಯಾರ್ಥಿ. ವಿಚಾರಣೆ ಮುಗಿಯುವವರೆಗೆ ಅವನು ಸುಳ್ಳು ಹೇಳುತ್ತಿದ್ದಾನೆಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. 1951ರ ನಿರಾಶ್ರಿತರ ಒಡಂಬಡಿಕೆಯಲ್ಲಿ ಈ ವ್ಯಾಖ್ಯೆ ಇದೆ. ಅದರ 31ನೇ ವಿಧಿಯು, ಅಪಾಯದ ನೆಲದಿಂದ ನೇರವಾಗಿ ಬಂದವರನ್ನು, ಅವರು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ ಸೂಕ್ತ ಕಾರಣ ನೀಡಿದರೆ, ಅನುಮತಿಯಿಲ್ಲದೆ ಗಡಿ ದಾಟಿದರೆಂಬ ಕಾರಣಕ್ಕಾಗಿ ದಂಡಿಸಬಾರದು ಎನ್ನುತ್ತದೆ. ಇದರ ಹಿಂದಿನ ವಿವೇಕ ಸರಳವಾಗಿದೆ. ಯಾವ ಸರ್ಕಾರಕ್ಕೆ ಹೆದರಿ ಓಡುತ್ತಾನೋ ಅದೇ ಸರ್ಕಾರದ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ಕೊಡಿ ಎಂದು ಮನುಷ್ಯನೊಬ್ಬನು ಕೇಳಲಾರ. 33ನೇ ವಿಧಿ ಇನ್ನೂ ಮುಖ್ಯವಾದದ್ದು: ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ನಿರಾಶ್ರಿತನನ್ನು ಯಾವುದೇ ರೀತಿಯಲ್ಲಿ ಮರಳಿ ಅಟ್ಟಬಾರದು.

ಕರಾವಳಿಯವರಾದ ನಮಗೆ ಈ ವಿಚಾರ ಪರಕೀಯವಲ್ಲ. ಪೋರ್ಚುಗೀಸರ ಆಳ್ವಿಕೆಯ ಗೋವೆಯಲ್ಲಿ 1560ರಲ್ಲಿ ಆರಂಭವಾದ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ನ್ಯಾಯಮಂಡಳಿಯ ಹಿಂಸೆಗೆ ಹೆದರಿಯೂ, ಯುದ್ಧ, ಬರಗಾಲಗಳಿಗೆ ಸಿಲುಕಿಯೂ ದಕ್ಷಿಣಕ್ಕೆ ಹೊರಟ ಕೊಂಕಣಿ ಮಾತಿನ ಹಿಂದೂ ಮತ್ತು ಕ್ರೈಸ್ತ ಕುಟುಂಬಗಳು ಈ ತೀರದಲ್ಲಿ ನೆಲೆ ಕಂಡವು. ಮಂಗಳೂರಿನ ರಥಬೀದಿಯಲ್ಲಾಗಲಿ ಇಗರ್ಜಿಗಳ ಅಂಗಳದಲ್ಲಾಗಲಿ ಇಂದು ಕೇಳಿಬರುವ ಕೊಂಕಣಿಯಲ್ಲಿ ಆ ಓಟದ ನೆನಪು ಉಳಿದಿದೆ. ಅಂದು ಅವರನ್ನು ಹಿಡಿದು ಯಾವುದೋ ದ್ವೀಪದಲ್ಲಿ ವರ್ಷಗಟ್ಟಲೆ ಇರಿಸಿದ್ದರೆ ಈ ಊರು ಈಗಿನಂತೆ ಇರುತ್ತಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ ಕಡಲಾಚೆಯ ಬಂಧನಕ್ಕೆ ನಾಂದಿಯಾದದ್ದು ಕಡಲಿನ ಒಂದು ರಕ್ಷಣಾ ಕಾರ್ಯ. 2001ರ ಆಗಸ್ಟ್‌ನಲ್ಲಿ ಹಿಂದೂ ಮಹಾಸಾಗರದಲ್ಲಿ ಕೆಟ್ಟು ನಿಂತಿದ್ದ ದೋಣಿಯೊಂದರಿಂದ 430ಕ್ಕೂ ಹೆಚ್ಚು ಜನರನ್ನು ನಾರ್ವೆಯ ಸರಕು ಹಡಗು ಟಾಂಪಾ ಹತ್ತಿಸಿಕೊಂಡಿತು. ಅವರಲ್ಲಿ ಹೆಚ್ಚಿನವರು ಅಫ್ಘಾನಿಸ್ತಾನದ ಹಜಾರಾ ಜನ. ಆಪತ್ತಿನಲ್ಲಿರುವವರನ್ನು ಕಂಡೂ ಬಿಟ್ಟುಹೋಗಬಾರದೆಂಬುದು ಅಂತರರಾಷ್ಟ್ರೀಯ ಕಡಲ ಕಾನೂನಿನ ನಿಯಮ ಮಾತ್ರವಲ್ಲ, ಮಲ್ಪೆ, ಗಂಗೊಳ್ಳಿಯ ಬಂದರುಗಳಲ್ಲಿ ಬೋಟು ನಡೆಸುವ ಯಾವ ತಾಂಡೇಲರನ್ನು ಕೇಳಿದರೂ ಹೇಳುವ ಮಾತು. ಆದರೆ ಟಾಂಪಾ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್ಮಸ್ ದ್ವೀಪದತ್ತ ತಿರುಗಿದಾಗ ಸರ್ಕಾರ ಅದನ್ನು ತಡೆದು, ಸೇನೆಯ ವಿಶೇಷ ಪಡೆಯನ್ನು ಹಡಗಿಗೆ ಹತ್ತಿಸಿತು. ಹಡಗಿನಲ್ಲಿದ್ದವರಲ್ಲಿ ಕೆಲವರನ್ನು ನ್ಯೂಜಿಲೆಂಡ್ ಸ್ವೀಕರಿಸಿತು, ಉಳಿದವರನ್ನು ನೌರುವಿಗೆ ಒಯ್ಯಲಾಯಿತು. ನೌರು ಮತ್ತು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪದ ಶಿಬಿರಗಳು ಹೀಗೆ ತೆರೆದವು. 2008ರಲ್ಲಿ ಮುಚ್ಚಿದ ಈ ವ್ಯವಸ್ಥೆ 2012ರಲ್ಲಿ ಮರಳಿ ಬಂತು. 2013ರ ಜುಲೈ 19ರಂದು, ಇನ್ನು ಮುಂದೆ ದೋಣಿಯಲ್ಲಿ ಬಂದವರು ನಿಜವಾದ ನಿರಾಶ್ರಿತರೆಂದು ಸಾಬೀತಾದರೂ ಆಸ್ಟ್ರೇಲಿಯಾದಲ್ಲಿ ನೆಲೆಸಲಾರರು ಎಂದು ಆಗಿನ ಪ್ರಧಾನಿ ಕೆವಿನ್ ರಡ್ ಘೋಷಿಸಿದರು. 2012ರ ನಂತರ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಈ ಎರಡು ದ್ವೀಪಗಳಿಗೆ ಕಳುಹಿಸಲಾಯಿತು.

ಇದೇ ಅವಧಿಯಲ್ಲಿ ಆದ ಒಂದು ಕಾನೂನು ತಿದ್ದುಪಡಿ ಕಡಲಾಚೆಯ ಬಂಧನದ ಒಳತಿರುಳನ್ನೇ ತೆರೆದು ತೋರಿಸುತ್ತದೆ. ಮೊದಲು ಕೆಲವು ದ್ವೀಪಗಳನ್ನು ಆಸ್ಟ್ರೇಲಿಯಾ ತನ್ನ ವಲಸೆ ವಲಯದಿಂದ ಹೊರಗಿಟ್ಟಿತ್ತು. 2013ರಲ್ಲಿ ದೋಣಿಯಲ್ಲಿ ಬರುವವರ ಮಟ್ಟಿಗೆ ಇಡೀ ಮುಖ್ಯ ಭೂಭಾಗವನ್ನೇ ಹೊರಗಿಟ್ಟಿತು. ಅಂದರೆ ಒಬ್ಬನು ಆ ದೇಶದ ಮರಳಿನ ಮೇಲೆ ಕಾಲಿಟ್ಟು ನಿಂತಿದ್ದರೂ, ಆಶ್ರಯದ ಅರ್ಜಿಯ ದೃಷ್ಟಿಯಿಂದ ಅವನು ಅಲ್ಲಿಗೆ ಬಂದೇ ಇಲ್ಲ. ಹಕ್ಕು ನೆಲಕ್ಕೆ ಅಂಟಿಕೊಂಡಿದೆ, ನೆಲವನ್ನು ಕಾಗದದ ಮೇಲೆ ಹಿಂದಕ್ಕೆ ಸರಿಸಿದರೆ ಹಕ್ಕೂ ಸರಿಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆ ತಪ್ಪೆಂದು ನಾನು ತಿಳಿದಿದ್ದೇನೆ, ಮತ್ತು ಹಲವು ನ್ಯಾಯಮಂಡಳಿಗಳು ಹಾಗೆಯೇ ಹೇಳಿವೆ.

ಅವುಗಳ ತರ್ಕವನ್ನು ಬೀಗದ ಕೈಯ ಉದಾಹರಣೆಯಿಂದ ತಿಳಿಯಬಹುದು. ಒಬ್ಬ ಮನುಷ್ಯನನ್ನು ಬೇರೆಯವರ ಮನೆಯ ಕೋಣೆಯಲ್ಲಿ ಕೂಡಿಹಾಕಿ, ಬಾಡಿಗೆ ಕೊಟ್ಟು, ಕಾವಲುಗಾರನಿಗೆ ಸಂಬಳ ಕೊಟ್ಟು, ಯಾರು ಯಾವಾಗ ಹೊರಬರಬೇಕೆಂದು ನಾನೇ ನಿರ್ಧರಿಸುತ್ತಿದ್ದರೆ, ಮನೆ ನನ್ನದಲ್ಲವೆಂದು ಹೇಳಿ ನಾನು ತಪ್ಪಿಸಿಕೊಳ್ಳಲಾಗದು. ಕಾನೂನಿನ ಭಾಷೆಯಲ್ಲಿ ಇದಕ್ಕೆ ಪರಿಣಾಮಕಾರಿ ನಿಯಂತ್ರಣ ಎನ್ನುತ್ತಾರೆ. 2009ರಲ್ಲಿ ಇಟಲಿಯ ಹಡಗುಗಳು ಸೊಮಾಲಿಯಾ ಮತ್ತು ಎರಿಟ್ರಿಯಾದ ವಲಸಿಗರನ್ನು ನಡುಗಡಲಿನಲ್ಲಿ ಹತ್ತಿಸಿಕೊಂಡು ಲಿಬಿಯಾದಲ್ಲಿ ಇಳಿಸಿದ ಪ್ರಕರಣದಲ್ಲಿ, ಆ ಜನ ಇಟಲಿಯ ನೆಲ ಮುಟ್ಟದಿದ್ದರೂ ಇಟಲಿಯ ನಿಯಂತ್ರಣದಲ್ಲಿದ್ದರು, ಆದ್ದರಿಂದ ಹೊಣೆ ಇಟಲಿಯದ್ದೇ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು 2025ರ ಜನವರಿಯಲ್ಲಿ ಪ್ರಕಟಿಸಿದ ಎರಡು ನಿರ್ಣಯಗಳಲ್ಲಿ ಇದೇ ತತ್ವವನ್ನು ನೌರುವಿಗೆ ಅನ್ವಯಿಸಿತು. ಒಂದು ಪ್ರಕರಣ ಹೆತ್ತವರಿಲ್ಲದೆ ಒಂಟಿಯಾಗಿ ಬಂದಿದ್ದ 24 ಮಂದಿ ಅಪ್ರಾಪ್ತರದ್ದು, ಇನ್ನೊಂದು ಇರಾನಿನ ಮಹಿಳೆಯೊಬ್ಬರದ್ದು. ಶಿಬಿರವನ್ನು ಕಟ್ಟಿಸಿ, ಹಣ ಕೊಟ್ಟು, ನಡೆಸುವುದರಲ್ಲಿ ಪಾಲು ಹೊಂದಿದ್ದ ಆಸ್ಟ್ರೇಲಿಯಾ, ಆಶ್ರಯ ವಿಚಾರಣೆಯನ್ನು ಇನ್ನೊಂದು ದೇಶಕ್ಕೆ ವಹಿಸಿದ ಮಾತ್ರಕ್ಕೆ ತನ್ನ ಹೊಣೆಯಿಂದ ಪಾರಾಗಲಾರದು ಎಂಬುದು ಸಮಿತಿಯ ಅಭಿಪ್ರಾಯವಾಗಿತ್ತು.

ದೇಶದೊಳಗಿನ ನ್ಯಾಯಾಲಯಗಳ ಅನುಭವ ಒಂದೇ ತೆರನಾಗಿಲ್ಲ. ಗರ್ಭಿಣಿಯಾಗಿದ್ದಾಗ ಚಿಕಿತ್ಸೆಗೆಂದು ನೌರುವಿನಿಂದ ಆಸ್ಟ್ರೇಲಿಯಾಕ್ಕೆ ಕರೆತರಲಾಗಿದ್ದ ಬಾಂಗ್ಲಾದೇಶದ ಮಹಿಳೆಯೊಬ್ಬರು ಕಡಲಾಚೆಯ ಬಂಧನವನ್ನು ಆ ದೇಶದ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅಲ್ಲಿ ಹೈಕೋರ್ಟೇ ಅತ್ಯುನ್ನತ ನ್ಯಾಯಾಲಯ. ಮೊಕದ್ದಮೆ ನಡೆಯುತ್ತಿದ್ದಾಗಲೇ ಸಂಸತ್ತು ಸರ್ಕಾರದ ಕ್ರಮಗಳಿಗೆ ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ ಕಾನೂನಿನ ಬಲ ಒದಗಿಸಿತು, 2016ರ ಫೆಬ್ರವರಿಯಲ್ಲಿ ಬಹುಮತದ ತೀರ್ಪು ಸರ್ಕಾರದ ಪರವಾಗಿ ಬಂತು. ಆದರೆ ಎರಡೇ ತಿಂಗಳಲ್ಲಿ, 2016ರ ಏಪ್ರಿಲ್ 26ರಂದು, ಪಪುವಾ ನ್ಯೂಗಿನಿಯ ಸುಪ್ರೀಂ ಕೋರ್ಟು ಮಾನುಸ್ ಶಿಬಿರದ ಬಂಧನವು ತನ್ನ ಸಂವಿಧಾನ ನೀಡಿದ ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗೆ ವಿರುದ್ಧವೆಂದು ಸಾರಿತು. ತನ್ನ ಪ್ರಜೆಗಳೇ ಅಲ್ಲದ, ಬೇರೊಂದು ದೇಶ ತಂದು ಬಿಟ್ಟ ಜನರ ಸ್ವಾತಂತ್ರ್ಯವನ್ನು ಆ ಬಡ ದೇಶದ ನ್ಯಾಯಾಲಯ ಎತ್ತಿಹಿಡಿಯಿತು ಎಂಬುದನ್ನು ಗೌರವದಿಂದ ನೆನೆಯಬೇಕು. ಮರುವರ್ಷ ಶಿಬಿರ ಮುಚ್ಚಿತು. ಅಲ್ಲಿದ್ದವರು ಹೂಡಿದ್ದ ಸಾಮೂಹಿಕ ದಾವೆಯನ್ನು ಆಸ್ಟ್ರೇಲಿಯಾ ಸರ್ಕಾರ ಮತ್ತು ಶಿಬಿರದ ಗುತ್ತಿಗೆದಾರರು ಹೊಣೆ ಒಪ್ಪಿಕೊಳ್ಳದೆಯೇ 7 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಇತ್ಯರ್ಥಪಡಿಸಿಕೊಂಡರು.

ಹಾಗಾದರೆ ಉಲ್ಲಂಘನೆಯಾಗುವುದು ಯಾವ ಹಕ್ಕು? ಮೊದಲನೆಯದು ಕಾರಣವಿಲ್ಲದೆ ಬಂಧನಕ್ಕೆ ಒಳಗಾಗದಿರುವ ಹಕ್ಕು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 9ನೇ ವಿಧಿ ಬಂಧನವನ್ನು ಪೂರ್ತಿ ನಿಷೇಧಿಸುವುದಿಲ್ಲ. ಗುರುತು ಪತ್ತೆಹಚ್ಚಲು, ಹೇಳಿಕೆ ದಾಖಲಿಸಿಕೊಳ್ಳಲು ಅಲ್ಪಕಾಲ ಇರಿಸಿಕೊಳ್ಳಬಹುದು. ಆದರೆ ಈ ವ್ಯಕ್ತಿಯನ್ನು ಹಿಡಿದಿಡುವುದು ಏಕೆ ಅಗತ್ಯ ಎಂಬುದಕ್ಕೆ ಅವನಿಗೇ ಸಂಬಂಧಿಸಿದ ಕಾರಣ ಬೇಕು, ಆ ಕಾರಣವನ್ನು ನ್ಯಾಯಾಲಯ ಪರಿಶೀಲಿಸಬೇಕು, ಅದು ಮುಗಿದಾಗ ಬಿಡುಗಡೆಯಾಗಬೇಕು. ಕಡಲಾಚೆಯ ಶಿಬಿರಗಳಲ್ಲಿ ಈ ಮೂರೂ ತಪ್ಪಿಹೋಗುತ್ತವೆ, ಏಕೆಂದರೆ ಅಲ್ಲಿ ಬಂಧನದ ಉದ್ದೇಶ ಬಂಧಿತನಿಗೆ ಸಂಬಂಧಿಸಿದ್ದೇ ಅಲ್ಲ. ಮುಂದೆ ಬರಬಹುದಾದ ಯಾರೋ ಅಪರಿಚಿತರನ್ನು ಹೆದರಿಸಲು ಇವನನ್ನು ಇರಿಸಲಾಗಿದೆ. ಮನುಷ್ಯನೊಬ್ಬನನ್ನು ಎಚ್ಚರಿಕೆಯ ಫಲಕವನ್ನಾಗಿ ಬಳಸುವ ಈ ಕ್ರಮ, ನನ್ನ ದೃಷ್ಟಿಯಲ್ಲಿ, ಇಡೀ ವಿಷಯದ ಅತ್ಯಂತ ನೋವಿನ ಭಾಗ.

ಕೊಲೆಗಾರನಿಗೂ ತನ್ನ ಶಿಕ್ಷೆಯ ವರ್ಷಗಳು ಗೊತ್ತಿರುತ್ತವೆ. ಯಾವ ಅಪರಾಧವನ್ನೂ ಮಾಡದ ಆಶ್ರಯಾರ್ಥಿಗೆ ಬಿಡುಗಡೆಯ ದಿನ ಗೊತ್ತಿರುವುದಿಲ್ಲ. ಕೊನೆಯಿಲ್ಲದ ಈ ಕಾಯುವಿಕೆ ಮನಸ್ಸಿನ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ದಾಖಲೆಗಳಿವೆ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಪರವಾಗಿ 2016ರಲ್ಲಿ ಮಾನುಸ್‌ಗೆ ಹೋದ ವೈದ್ಯಕೀಯ ತಜ್ಞರು ತಾವು ಪರೀಕ್ಷಿಸಿದವರಲ್ಲಿ ಶೇಕಡಾ 88 ಮಂದಿ ಖಿನ್ನತೆ, ಆತಂಕ ಅಥವಾ ಆಘಾತೋತ್ತರ ಮಾನಸಿಕ ಕಾಯಿಲೆಯಿಂದ ಬಳಲುತ್ತಿರುವುದನ್ನು ಕಂಡರು. ನೌರುವಿನಲ್ಲಿ ಮಕ್ಕಳು ಊಟ, ಮಾತು, ಓಡಾಟ ಎಲ್ಲವನ್ನೂ ಬಿಟ್ಟು ಹಾಸಿಗೆ ಹಿಡಿದರು. ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೇ ವಿಧಿ ಮಗುವಿನ ಬಂಧನ ಕಟ್ಟಕಡೆಯ ಉಪಾಯವಾಗಿರಬೇಕು, ಅದೂ ಸಾಧ್ಯವಾದಷ್ಟು ಕಡಿಮೆ ಅವಧಿಯದ್ದಾಗಿರಬೇಕು ಎನ್ನುತ್ತದೆ. ಇಲ್ಲಿ ಅದೇ ಮೊದಲ ಉಪಾಯವಾಗಿತ್ತು.

ಆರೋಗ್ಯದ ಹಕ್ಕನ್ನು ದೂರ ಹೇಗೆ ಕಸಿಯುತ್ತದೆ ಎಂಬುದಕ್ಕೆ ಇರಾನಿನ ಹಮೀದ್ ಖಜಾಯಿ ಎಂಬ 24ರ ತರುಣನ ಸಾವು ಸಾಕ್ಷಿ. 2014ರ ಆಗಸ್ಟ್‌ನಲ್ಲಿ ಮಾನುಸ್ ಶಿಬಿರದಲ್ಲಿ ಅವನ ಕಾಲಿಗೆ ಸೋಂಕು ತಗುಲಿತು. ದ್ವೀಪದಲ್ಲಿ ತಕ್ಕ ಔಷಧ ಸಿಗಲಿಲ್ಲ. ಅವನನ್ನು ಬೇರೆಡೆ ಸಾಗಿಸಬೇಕೆಂದು ಅಲ್ಲಿನ ವೈದ್ಯರು ಹೇಳಿದರು, ಆ ಕೋರಿಕೆ ದೂರದ ಕಚೇರಿಯ ಮೇಜುಗಳ ಮೇಲೆ ಅನುಮತಿಗಾಗಿ ಕಾಯಿತು, ಅಷ್ಟರಲ್ಲಿ ಸೋಂಕು ರಕ್ತಕ್ಕೆ ಹರಡಿತು. ಸೆಪ್ಟೆಂಬರ್‌ನಲ್ಲಿ ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಈ ಸಾವನ್ನು ತಪ್ಪಿಸಬಹುದಿತ್ತು ಎಂದು ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮರಣ ವಿಚಾರಣಾಧಿಕಾರಿ 2018ರಲ್ಲಿ ಹೇಳಿದರು. ಮಂಗಳೂರಿನಂಥ, ಬೀದಿಗೊಂದು ಆಸ್ಪತ್ರೆಯಿರುವ ಊರಿನಲ್ಲಿ ಬದುಕುವ ನಮಗೆ, ಕಾಲಿನ ಸೋಂಕೊಂದು ಗಟ್ಟಿಮುಟ್ಟಾದ ಯುವಕನ ಪ್ರಾಣ ತೆಗೆಯಿತೆಂಬುದನ್ನು ನಂಬುವುದು ಕಷ್ಟ. ರೋಗಿಯನ್ನು ಕರೆತರುವ ತೀರ್ಮಾನದಲ್ಲಿ ವೈದ್ಯರ ಮಾತಿಗೆ ಹೆಚ್ಚಿನ ತೂಕ ನೀಡುವ ಕಾನೂನು 2019ರ ಆರಂಭದಲ್ಲಿ ಜಾರಿಗೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ರದ್ದುಪಡಿಸಲಾಯಿತು.

ಇಂಥವು ಹೊರಗೆ ತಿಳಿಯದಂತೆ ನೋಡಿಕೊಳ್ಳುವ ಏರ್ಪಾಡುಗಳೂ ಇದ್ದವು. 2014ರಲ್ಲಿ ನೌರು ಪತ್ರಕರ್ತರ ವೀಸಾ ಶುಲ್ಕವನ್ನು 200 ಡಾಲರಿನಿಂದ 8,000 ಆಸ್ಟ್ರೇಲಿಯನ್ ಡಾಲರಿಗೆ ಏರಿಸಿತು, ಅರ್ಜಿ ತಿರಸ್ಕೃತವಾದರೂ ಹಣ ವಾಪಸಿಲ್ಲ. 2015ರ ಆಸ್ಟ್ರೇಲಿಯಾದ ಕಾನೂನೊಂದು ಶಿಬಿರದಲ್ಲಿ ಕಂಡದ್ದನ್ನು ಹೊರಗೆ ಹೇಳಿದ ಸಿಬ್ಬಂದಿಗೆ ಎರಡು ವರ್ಷಗಳವರೆಗೆ ಜೈಲು ವಿಧಿಸಬಹುದಾಗಿತ್ತು; ವೈದ್ಯರು ಪ್ರತಿಭಟಿಸಿ ನ್ಯಾಯಾಲಯಕ್ಕೆ ಹೋದ ಮೇಲೆ 2016ರಲ್ಲಿ ಆರೋಗ್ಯ ಸಿಬ್ಬಂದಿಗೆ ವಿನಾಯಿತಿ ಸಿಕ್ಕಿತು. ಆದರೂ ಅದೇ ವರ್ಷ ನೌರು ಶಿಬಿರದ ಸಿಬ್ಬಂದಿಯೇ ಬರೆದಿದ್ದ ಎರಡು ಸಾವಿರಕ್ಕೂ ಹೆಚ್ಚು ಘಟನಾ ವರದಿಗಳು ಗಾರ್ಡಿಯನ್ ಪತ್ರಿಕೆಯ ಮೂಲಕ ಬಯಲಾದವು, ಹಲ್ಲೆ, ಲೈಂಗಿಕ ದೌರ್ಜನ್ಯ, ಆತ್ಮಹಾನಿಯ ಆ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮಕ್ಕಳಿಗೆ ಸಂಬಂಧಿಸಿದ್ದವು. ಬ್ರಿಟಿಷರು ಕೈದಿಗಳನ್ನು ಅಂಡಮಾನಿಗೆ ಸಾಗಿಸುತ್ತಿದ್ದ ಕಾಲದಿಂದ ನಮ್ಮ ದೇಶಕ್ಕೆ ಪರಿಚಿತವಾದ ಕರಿನೀರಿನ ಶಿಕ್ಷೆಯಲ್ಲೂ ಸರಪಳಿ, ಗಾಣಗಳಷ್ಟೇ ಕ್ರೂರವಾದದ್ದು ಈ ದೂರವೇ ಆಗಿತ್ತು.

ಮರಳಿ ಅಟ್ಟದಿರುವ ನಿಯಮಕ್ಕೆ ಬಂದರೆ, ಬ್ರಿಟನ್ನಿನ ಉದಾಹರಣೆ ಹೆಚ್ಚು ತಿಳಿವಳಿಕೆ ಕೊಡುತ್ತದೆ. ಇಂಗ್ಲಿಷ್ ಕಾಲುವೆಯನ್ನು ಸಣ್ಣ ದೋಣಿಗಳಲ್ಲಿ ದಾಟಿ ಬಂದವರನ್ನು ಆಫ್ರಿಕದ ರುವಾಂಡಾಕ್ಕೆ ಕಳುಹಿಸಿ, ಅವರ ಅರ್ಜಿಯನ್ನು ಆ ದೇಶವೇ ವಿಚಾರಿಸಿ ಅಲ್ಲಿಯೇ ನೆಲೆಗೊಳಿಸುವ ಒಪ್ಪಂದ 2022ರ ಏಪ್ರಿಲ್‌ನಲ್ಲಿ ಆಯಿತು. ಇಲ್ಲಿ ಬಂಧನ ಮುಖ್ಯ ವಿಷಯವಲ್ಲ. ಕಳುಹಿಸಲ್ಪಟ್ಟವನು ರುವಾಂಡಾದಿಂದ ಮುಂದೆ ಎಲ್ಲಿಗೆ ಹೋಗುತ್ತಾನೆ ಎಂಬುದು ವಿಷಯ. 2023ರ ನವೆಂಬರ್ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಯೋಜನೆ ಕಾನೂನುಬಾಹಿರವೆಂದಿತು. ರುವಾಂಡಾದ ಆಶ್ರಯ ವಿಚಾರಣೆಯ ಕ್ರಮ ದೃಢವಾಗಿಲ್ಲ, ಹಿಂದೆ ಇಸ್ರೇಲಿನೊಂದಿಗೆ ಇಂಥದೇ ಏರ್ಪಾಡು ಇದ್ದಾಗಿನ ನಡವಳಿಕೆಯೂ ಭರವಸೆ ಹುಟ್ಟಿಸುವುದಿಲ್ಲ, ಆದ್ದರಿಂದ ನಿಜವಾದ ನಿರಾಶ್ರಿತರು ಅಲ್ಲಿಂದ ಅಪಾಯದ ತವರಿಗೆ ತಳ್ಳಲ್ಪಡುವ ಸಾಧ್ಯತೆ ಇದೆ ಎಂದು ಅದು ಕಂಡುಕೊಂಡಿತು. ನಿಯಮದ ಸೂಕ್ಷ್ಮ ಇಲ್ಲಿದೆ: ನಾನು ನೇರವಾಗಿ ತಳ್ಳುವುದು ಮಾತ್ರ ತಪ್ಪಲ್ಲ, ತಳ್ಳಬಹುದಾದವರ ಕೈಗೆ ಒಪ್ಪಿಸುವುದೂ ತಪ್ಪು. ಸರ್ಕಾರ ಆಮೇಲೆ ರುವಾಂಡಾ ಸುರಕ್ಷಿತ ದೇಶ ಎಂದು ಸಾರುವ ಕಾನೂನನ್ನೇ ಮಾಡಿತು. 2024ರ ಜುಲೈಯಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅಷ್ಟರಲ್ಲಿ 70 ಕೋಟಿ ಪೌಂಡ್ ಖರ್ಚಾಗಿತ್ತು ಮತ್ತು ಸ್ವಇಚ್ಛೆಯಿಂದ ಹೋದ ನಾಲ್ವರ ಹೊರತು ಯಾರೂ ರುವಾಂಡಾ ತಲುಪಿರಲಿಲ್ಲ ಎಂದು ಹೊಸ ಗೃಹ ಸಚಿವರು ಸಂಸತ್ತಿಗೆ ತಿಳಿಸಿದರು. ಅಲ್ಬೇನಿಯಾದಲ್ಲಿ ಇಟಲಿ ತೆರೆದ ಕೇಂದ್ರಗಳ ಕಥೆಯೂ ಹೆಚ್ಚು ಭಿನ್ನವಲ್ಲ. 2024ರ ಅಕ್ಟೋಬರ್‌ನಲ್ಲಿ ಅಲ್ಲಿಗೆ ಒಯ್ದ ಮೊದಲ 16 ಮಂದಿ ಬಾಂಗ್ಲಾದೇಶ ಮತ್ತು ಈಜಿಪ್ಟಿನವರು. ಅಪ್ರಾಪ್ತರು ಅಥವಾ ದುರ್ಬಲ ಸ್ಥಿತಿಯವರೆಂದು ಕಂಡುಬಂದ ನಾಲ್ವರನ್ನು ಕೂಡಲೇ, ರೋಮಿನ ನ್ಯಾಯಾಲಯ ಬಂಧನವನ್ನು ಒಪ್ಪದ ಕಾರಣ ಉಳಿದ 12 ಮಂದಿಯನ್ನು ಕೆಲವೇ ದಿನಗಳಲ್ಲಿ ಇಟಲಿಗೆ ಕರೆತರಬೇಕಾಯಿತು.

ಈ ನೀತಿಯನ್ನು ಸಮರ್ಥಿಸುವವರ ಒಂದು ವಾದ ಮಾತ್ರ ಗಂಭೀರವಾಗಿ ಪರಿಗಣಿಸಬೇಕಾದದ್ದು. ದೋಣಿಗಳು ಮುಳುಗುತ್ತವೆ, ಜನ ಸಾಯುತ್ತಾರೆ. ಆಸೆಯನ್ನೇ ಮುರಿದರೆ ದೋಣಿ ಹತ್ತುವವರು ಇರುವುದಿಲ್ಲ, ಜೀವಗಳು ಉಳಿಯುತ್ತವೆ. 2001ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಿಂದ ಹೊರಟ ಒಂದೇ ದೋಣಿ ಮುಳುಗಿ 353 ಮಂದಿ ಸತ್ತಿದ್ದರು ಎಂಬುದನ್ನು ಮರೆತು ಈ ವಾದವನ್ನು ತಳ್ಳಿಹಾಕುವುದು ಸರಿಯಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾದಾಗ ತಿಂಗಳುಗಟ್ಟಲೆ ಕಡಲನ್ನೇ ನೋಡುತ್ತ ಕುಳಿತ ಮನೆಗಳು ಈ ಕರಾವಳಿಯಲ್ಲಿವೆ, ಕಡಲಿನ ಸಾವನ್ನು ಹಗುರವಾಗಿ ಕಾಣಲು ನಮಗೆ ಸಾಧ್ಯವಿಲ್ಲ. ಆದರೂ ವಾದದಲ್ಲಿ ಎರಡು ಬಿರುಕುಗಳಿವೆ. 2012ರಲ್ಲಿ ಶಿಬಿರಗಳು ಮರಳಿ ತೆರೆದ ನಂತರವೂ ಒಂದು ವರ್ಷದವರೆಗೆ ದೋಣಿಗಳು ಹಿಂದಿಗಿಂತ ಹೆಚ್ಚು ಬಂದವು. 2013ರ ಕೊನೆಗೆ ನೌಕಾಪಡೆ ದೋಣಿಗಳನ್ನು ನಡುಗಡಲಿನಿಂದಲೇ ಹಿಂದಿರುಗಿಸಲು ತೊಡಗಿದ ಮೇಲೆ ಅವು ಬಹುಮಟ್ಟಿಗೆ ನಿಂತವು, ಹೀಗಾಗಿ ಶಿಬಿರಗಳೇ ದೋಣಿಗಳನ್ನು ನಿಲ್ಲಿಸಿದವು ಎನ್ನುವುದು ಸುಲಭವಲ್ಲ. ಎರಡನೆಯದಾಗಿ, ತಡೆಯಲ್ಪಟ್ಟವನು ಸುರಕ್ಷಿತನಾದನೆಂದು ಅರ್ಥವಲ್ಲ. ಅವನು ಹೊರಡಬೇಕಾಗಿದ್ದ ಊರಿನಲ್ಲೇ ಕೊಲ್ಲಲ್ಪಟ್ಟರೆ ಆ ಸಾವು ಆಸ್ಟ್ರೇಲಿಯಾದ ಯಾವ ಲೆಕ್ಕದಲ್ಲೂ ಸೇರುವುದಿಲ್ಲ. ಕಡಲಿನಲ್ಲಿ ಸಾಯದಂತೆ ನೋಡಿಕೊಳ್ಳಲು ನಿಜವಾಗಿ ಬೇಕಾದದ್ದು ದೋಣಿ ಹತ್ತದೆಯೇ ಬರಬಹುದಾದ ದಾರಿಗಳು. ವರ್ಷಕ್ಕೆ 150 ಮಂದಿಯನ್ನು ಕರೆದುಕೊಳ್ಳುತ್ತೇವೆಂದು ನ್ಯೂಜಿಲೆಂಡ್ 2013ರಲ್ಲೇ ಹೇಳಿತ್ತು, ಆಸ್ಟ್ರೇಲಿಯಾ ಅದನ್ನು ಒಪ್ಪಿದ್ದು 2022ರಲ್ಲಿ.

ಭಾರತ 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನನ್ನೂ ಮಾಡಿಲ್ಲ. ಹಾಗಿದ್ದರೂ ಬೈಲಕುಪ್ಪೆಯಲ್ಲಿ, ಮುಂಡಗೋಡದಲ್ಲಿ ಟಿಬೆಟನ್ನರಿಗೆ ನಮ್ಮ ರಾಜ್ಯವೇ ಭೂಮಿ ಕೊಟ್ಟಿತು. ಸಂವಿಧಾನದ 21ನೇ ವಿಧಿಯಲ್ಲಿ ಇರುವುದು ಪ್ರಜೆ ಎಂಬ ಪದವಲ್ಲ, ವ್ಯಕ್ತಿ ಎಂಬ ಪದ. ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಪ್ರಜೆಯಲ್ಲದವನ ಜೀವವನ್ನು ಕಾಪಾಡುವುದೂ ಸರ್ಕಾರದ ಕರ್ತವ್ಯವೆಂದದ್ದು ಈ ಪದದ ಬಲದಿಂದಲೇ.

ಕಡಲಾಚೆಯ ಬಂಧನ ಭಾರತೀಯರಿಗೆ ಬೇರೆ ಯಾರದೋ ಕಥೆಯಾಗಿ ಉಳಿದಿಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕವು ತನ್ನ ಗಡಿಯಲ್ಲಿ ಹಿಡಿದ ಸುಮಾರು 300 ಜನರನ್ನು, ಅವರು ಎಂದೂ ಬಯಸದ ಪನಾಮಾ ದೇಶಕ್ಕೆ ವಿಮಾನದಲ್ಲಿ ಕಳುಹಿಸಿತು. ಅವರಲ್ಲಿ ಇರಾನ್, ಅಫ್ಘಾನಿಸ್ತಾನ, ಚೀನಾ, ಶ್ರೀಲಂಕಾದವರ ಜೊತೆ ಭಾರತೀಯರೂ ಇದ್ದರು. ಅವರನ್ನು ಪನಾಮಾ ನಗರದ ಹೋಟೆಲೊಂದರಲ್ಲಿ ಇರಿಸಿ ಬಾಗಿಲಲ್ಲಿ ಕಾವಲು ನಿಲ್ಲಿಸಲಾಯಿತು, ತವರಿಗೆ ಮರಳಲು ಒಪ್ಪದವರನ್ನು ಕಾಡಿನಂಚಿನ ಶಿಬಿರಕ್ಕೆ ಸಾಗಿಸಲಾಯಿತು. ಹೋಟೆಲಿನ ಕೋಣೆಗಳಲ್ಲಿದ್ದ ಕೆಲವರು ಕೆಳಗೆ ರಸ್ತೆಯಲ್ಲಿ ನಿಂತಿದ್ದ ಪತ್ರಿಕಾ ಛಾಯಾಗ್ರಾಹಕರಿಗೆ ಕಾಣುವಂತೆ, ನಮ್ಮ ದೇಶದಲ್ಲಿ ನಾವು ಸುರಕ್ಷಿತರಲ್ಲ, ಸಹಾಯ ಮಾಡಿ ಎಂದು ಬರೆದು ಕಿಟಕಿಯ ಗಾಜಿಗೆ ಒತ್ತಿ ಹಿಡಿದಿದ್ದರು.